ಪದ್ಯವೆಂದರೆ ಮುಖ ತಿರುಗಿಸುವ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಕವಿತೆಯತ್ತ ಕರೆತರುವುದು: ಆರು ವಾರಗಳ ಸಮಗ್ರ ಮಾರ್ಗದರ್ಶಿ

ಪದ್ಯದ ತರಗತಿ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಸೋಲುತ್ತದೆ. ಶಿಕ್ಷಕರು ಪದ್ಯವನ್ನು ಒಮ್ಮೆ ಓದುತ್ತಾರೆ, ಕಠಿಣ ಪದಗಳ ಅರ್ಥವನ್ನು ಹಲಗೆಯ ಮೇಲೆ ಬರೆಯುತ್ತಾರೆ, ಸಾರಾಂಶ ಹೇಳುತ್ತಾರೆ, ಕೊನೆಗೆ ಅನುಮಾನಗಳಿವೆಯೇ ಎಂದು ಕೇಳುತ್ತಾರೆ. ಯಾರಿಗೂ ಅನುಮಾನವಿರುವುದಿಲ್ಲ, ಏಕೆಂದರೆ ಅನುಮಾನ ಹುಟ್ಟುವಷ್ಟು ಹೊತ್ತು ಆ ಪದ್ಯ ಯಾರ ಬಳಿಯೂ ಉಳಿದಿರಲಿಲ್ಲ. ಸಾರಾಂಶ ಕೈಗೆ ಸಿಕ್ಕಿದ ಮೇಲೆ ಪದ್ಯವನ್ನು ಮತ್ತೆ ಓದಲು ಹದಿನಾಲ್ಕು ವರ್ಷದ ಹುಡುಗನಿಗೆ ಕಾರಣವೇ ಇರುವುದಿಲ್ಲ. ಅವನ ಲೆಕ್ಕಾಚಾರದಲ್ಲಿ ತಪ್ಪೂ ಇಲ್ಲ.

ಆದ್ದರಿಂದ ಇಲ್ಲಿ ಹೇಳಿರುವ ಕ್ರಮ ಇದಕ್ಕೆ ತಿರುವುಮುರುವಾದದ್ದು. ಪದ್ಯ ಮೊದಲು ಕಿವಿಗೆ, ಆಮೇಲೆ ಬಾಯಿಗೆ, ಆಮೇಲೆ ಕಣ್ಣಿಗೆ, ಆಮೇಲೆ ಕೈಗೆ ಹೋಗಬೇಕು. ಸಾರಾಂಶ, ಅಲಂಕಾರ ಮತ್ತು ಪ್ರಸ್ತಾರಗಳ (ಸಾಲಿನ ಅಕ್ಷರಗಳನ್ನು ಲಘು ಗುರುಗಳಾಗಿ ಗುರುತಿಸುವುದು) ಸರದಿ ಕಡೆಯದು. ಗಮಕ ವಾಚನವನ್ನು ಕೇಳಿದವರಿಗೆ ಇದು ಹೊಸದೆನಿಸಲಾರದು: ಅಲ್ಲಿ ಗಮಕಿ ಪದ್ಯವನ್ನು ವಾಚಿಸಿದ ಮೇಲೆಯೇ ವ್ಯಾಖ್ಯಾನಕಾರರು ಬಾಯಿ ತೆರೆಯುತ್ತಾರೆ. ನಾನೂ ಅನೇಕ ವರ್ಷ ತಲೆಕೆಳಗಾದ ಕ್ರಮದಲ್ಲೇ ಪಾಠ ಮಾಡಿದವನಾದ್ದರಿಂದ, ಕೆಳಗಿನ ಎಚ್ಚರಿಕೆಗಳಲ್ಲಿ ಹೆಚ್ಚಿನವು ನನ್ನವೇ ತಪ್ಪುಗಳಿಂದ ಬಂದವು.

ಒಟ್ಟು ಅವಧಿ ಆರು ವಾರ. ದಿನಕ್ಕೆ 10 ನಿಮಿಷ ಮತ್ತು ಮೂರನೆಯ ವಾರದಿಂದ ವಾರಕ್ಕೊಂದು ಪೂರ್ಣ ಅವಧಿ ಸಾಕು. ಹಂತಗಳನ್ನು ಹಾರಿಸಬಾರದು, ಒಂದು ಹಂತ ನಿಧಾನವಾದರೆ ಅಲ್ಲಿಯೇ ಇನ್ನೊಂದು ವಾರ ನಿಲ್ಲುವುದರಿಂದ ನಷ್ಟವಿಲ್ಲ.

ಬೇಕಾಗುವ ಸಾಧನಗಳು

20ರಿಂದ 25 ಪದ್ಯಗಳ ಒಂದು ಕಟ್ಟು ಬೇಕು. ಪ್ರತಿಯೊಂದು ಪದ್ಯವೂ ಬಿಡಿ ಹಾಳೆಯಲ್ಲಿರಬೇಕು, ಹಾಳೆಯ ಮುಂಭಾಗದಲ್ಲಿ ಕವಿಯ ಹೆಸರಿರಬಾರದು. ಹೆಸರನ್ನು ಹಿಂಬದಿಯಲ್ಲಿ ಬರೆದಿಡಿ. ಹೆಸರು ಮೊದಲೇ ಕಂಡರೆ ಮಕ್ಕಳು ಕವಿಪರಿಚಯದ ಸಿದ್ಧ ವಾಕ್ಯಗಳಿಗೆ ಜಾರುತ್ತಾರೆ. ಇದರ ಜೊತೆಗೆ ಧ್ವನಿಮುದ್ರಣಕ್ಕೆ ಒಂದು ಮೊಬೈಲ್, ಕತ್ತರಿ, ಒಂದಿಷ್ಟು ಖಾಲಿ ಚೀಟಿಗಳು, ಪ್ರತಿ ವಿದ್ಯಾರ್ಥಿಗೂ ಒಂದು ತೆಳುವಾದ ನೋಟ್‌ಬುಕ್ ಇರಲಿ. ಆ ನೋಟ್‌ಬುಕ್ಕಿಗೆ ಅಂಕಗಳಿಲ್ಲ, ಕೆಂಪು ಶಾಯಿಯೂ ಇಲ್ಲ ಎಂದು ಮೊದಲ ದಿನವೇ ಹೇಳಿ, ಮಾತಿಗೆ ತಪ್ಪಬೇಡಿ.

ಹಂತ 1: ಹಿಂಜರಿಕೆ ಯಾವ ಬಗೆಯದು ಎಂದು ಗುರುತಿಸಿ

‘ಈ ತರಗತಿಗೆ ಪದ್ಯ ಬೇಡ’ ಎಂಬ ಒಂದೇ ಮಾತಿನ ಹಿಂದೆ ಕನಿಷ್ಠ ಮೂರು ಬೇರೆ ಬೇರೆ ತೊಡಕುಗಳು ಅಡಗಿರುತ್ತವೆ. ಕೆಲವರಿಗೆ ಭಾಷೆಯ ಭಯ: ಸಂಧಿಯಾದ ಪದಗಳು, ಹಳಗನ್ನಡದ ರೂಪಗಳು, ಕ್ರಿಯಾಪದ ಎಲ್ಲಿದೆಯೆಂದು ತಿಳಿಯದ ವಾಕ್ಯಗಳು ಅವರನ್ನು ಮೊದಲ ಸಾಲಿನಲ್ಲೇ ನಿಲ್ಲಿಸಿಬಿಡುತ್ತವೆ. ಇನ್ನು ಕೆಲವರಿಗೆ ನಾಚಿಕೆ. ಗೆಳೆಯರ ಮುಂದೆ ಭಾವನೆಯ ಮಾತನಾಡಿದರೆ ವರ್ಷವಿಡೀ ಗೇಲಿಗೆ ಗುರಿಯಾಗಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ಮೂರನೆಯ ಗುಂಪಿನವರು ಪದ್ಯವನ್ನು ಕಂಠಪಾಠದ ಶಿಕ್ಷೆಯಾಗಿ ಮಾತ್ರ ಕಂಡವರು.

ಇದನ್ನು ತಿಳಿಯಲು ಹೆಸರಿಲ್ಲದ ಚೀಟಿಯಲ್ಲಿ ಒಂದು ಪ್ರಶ್ನೆಗೆ ಉತ್ತರ ಬರೆಸಿ: ‘ಪದ್ಯ ಎಂದ ಕೂಡಲೇ ತರಗತಿಯ ಯಾವ ಘಟನೆ ನೆನಪಾಗುತ್ತದೆ?’ ಪದ್ಯ ಇಷ್ಟವೇ ಎಂದು ಕೇಳಬೇಡಿ; ನಿಮ್ಮನ್ನು ಮೆಚ್ಚಿಸುವ ಉತ್ತರಗಳು ಬರುತ್ತವೆ. ಘಟನೆಯನ್ನು ಕೇಳಿದರೆ ಸತ್ಯ ಬರುತ್ತದೆ. ‘ಎಲ್ಲರ ಮುಂದೆ ಮರೆತುಹೋಯಿತು’ ಎಂಬ ಬಗೆಯ ಚೀಟಿಗಳು ಹೆಚ್ಚಾಗಿದ್ದರೆ, ಮುಂದಿನ ನಾಲ್ಕು ವಾರ ಯಾರನ್ನೂ ಒಂಟಿಯಾಗಿ ಎದ್ದು ನಿಲ್ಲಿಸಿ ಓದಿಸಬಾರದು ಎಂದು ಅರ್ಥ. ‘ಅರ್ಥವೇ ಆಗುವುದಿಲ್ಲ’ ಎಂಬುದು ಹೆಚ್ಚಾಗಿದ್ದರೆ ಹಳೆಯ ಪದ್ಯಗಳನ್ನು ಐದನೆಯ ವಾರಕ್ಕೆ ತಳ್ಳಿ.

ಹಂತ 2: ಪದ್ಯಗಳನ್ನು ಆರಿಸಿ

ಮೊದಲ ಎರಡು ವಾರಗಳ ಪದ್ಯಗಳು 16 ಸಾಲುಗಳನ್ನು ಮೀರಬಾರದು. ಪ್ರತಿಯೊಂದರಲ್ಲೂ ಕಣ್ಣಿಗೆ ಕಾಣುವ ವಸ್ತುವಾಗಲಿ ನಡೆಯುವ ಘಟನೆಯಾಗಲಿ ಇರಬೇಕು, ಮಾತನಾಡುತ್ತಿರುವವರು ಯಾರೆಂಬ ಕುತೂಹಲ ಇರಬೇಕು, ಮತ್ತು ಗೊತ್ತಿಲ್ಲದ ಪದಗಳು ಎರಡು ಮೂರಕ್ಕಿಂತ ಹೆಚ್ಚಿರಬಾರದು. ಕಟ್ಟಿನಲ್ಲಿ ಸಿಟ್ಟಿನ ಪದ್ಯವಿರಲಿ, ನಗೆಯ ಪದ್ಯವಿರಲಿ, ಕಥೆ ಹೇಳುವ ಪದ್ಯವಿರಲಿ, ಜನಪದ ತ್ರಿಪದಿಗಳು, ವಚನಗಳು, ಛಂದಸ್ಸಿನ ಹಂಗಿಲ್ಲದ ಹೊಸ ಕವಿತೆಗಳು ಇರಲಿ. ಬಹಳ ಮಕ್ಕಳು ಪದ್ಯವೆಂದರೆ ಪ್ರಕೃತಿವರ್ಣನೆ ಅಥವಾ ನೀತಿಬೋಧೆ ಎಂದಷ್ಟೇ ತಿಳಿದಿರುತ್ತಾರೆ. ಪದ್ಯ ಜಗಳವನ್ನೂ ಆಡಬಲ್ಲದು ಎಂಬುದು ಅವರಿಗೆ ಮೊದಲ ವಾರದಲ್ಲೇ ತಿಳಿಯಬೇಕು.

ಇಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಹದಿಹರೆಯದವರಿಗಾಗಿಯೇ ಬರೆದ, ಚೆನ್ನಾಗಿ ಓದು, ಹಿರಿಯರನ್ನು ಗೌರವಿಸು ಎನ್ನುವ ಪದ್ಯಗಳನ್ನು ತರುವುದು ಒಂದು. ವೇಷ ತೊಟ್ಟು ಬಂದ ಉಪದೇಶವನ್ನು ಮಕ್ಕಳು ಎರಡನೆಯ ಸಾಲಿನಲ್ಲೇ ಗುರುತಿಸುತ್ತಾರೆ. ನಿಮಗೆ ತೀರಾ ಪ್ರಿಯವಾದ ಪದ್ಯದಿಂದಲೇ ಆರಂಭಿಸುವುದು ಇನ್ನೊಂದು. ತರಗತಿ ಅದಕ್ಕೆ ಆಕಳಿಸಿದರೆ ನಿಮಗೆ ನೋವಾಗುತ್ತದೆ, ನೋವಾದ ಶಿಕ್ಷಕ ವಿವರಿಸಲು ತೊಡಗುತ್ತಾನೆ, ಅಲ್ಲಿಗೆ ಮತ್ತೆ ಹಳೆಯ ತರಗತಿಯೇ. ಆ ಪದ್ಯವನ್ನು ನಾಲ್ಕನೆಯ ವಾರದವರೆಗೆ ಜೇಬಿನಲ್ಲಿಡಿ.

ಹಂತ 3: ಎರಡು ವಾರ ಬರೀ ಕೇಳಿಸಿ

ಎಲ್ಲ ಹಂತಗಳಲ್ಲಿ ಇದು ಅತ್ಯಂತ ಸುಲಭವಾದದ್ದು. ಬಹಳ ಶಿಕ್ಷಕರು ಕೈಬಿಡುವುದೂ ಇದನ್ನೇ. ಹತ್ತು ಶಾಲಾ ದಿನಗಳ ಕಾಲ ತರಗತಿಯ ಮೊದಲ ಕೆಲವು ನಿಮಿಷಗಳಲ್ಲಿ ದಿನಕ್ಕೊಂದು ಪದ್ಯವನ್ನು ಎರಡು ಸಲ ಓದಬೇಕು. ಓದಿದ ಮೇಲೆ ಹಾಳೆಯನ್ನು ಮಡಚಿಟ್ಟು ಅಂದಿನ ಪಾಠಕ್ಕೆ ಹೋಗಬೇಕು. ಪ್ರಶ್ನೆ, ವಿವರಣೆ, ‘ಹೇಗಿತ್ತು?’ ಎಂಬ ನಗುಮುಖದ ವಿಚಾರಣೆ ಯಾವುದೂ ಕೂಡದು.

ಓದುವ ವಿಧಾನಕ್ಕೂ ಅಭ್ಯಾಸ ಬೇಕು. ಹಿಂದಿನ ದಿನವೇ ಮನೆಯಲ್ಲಿ ಗಟ್ಟಿಯಾಗಿ ಮೂರು ಸಲ ಓದಿ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಿ. ಮೊದಲ ಓದು ಮಾತಿನ ಧಾಟಿಯಲ್ಲಿ, ಸಾಧಾರಣ ವೇಗದಲ್ಲಿರಲಿ. ಎರಡು ಓದುಗಳ ನಡುವೆ ಮನಸ್ಸಿನಲ್ಲೇ ಐದು ಎಣಿಸುವಷ್ಟು ಸುಮ್ಮನಿರಿ. ಎರಡನೆಯ ಓದು ತುಸು ನಿಧಾನವಾಗಿರಲಿ. ಗದ್ಗದ ಕಂಠ, ಭಾಷಣದ ಏರುದನಿ, ಕೈ ಬೀಸುವ ಅಭಿನಯ ಇವು ಬೇಡ. ಶಿಕ್ಷಕರು ಅತಿಯಾಗಿ ಭಾವಪರವಶರಾದರೆ ಮಕ್ಕಳಿಗೆ ಉಳಿಯುವ ಕೆಲಸ ನಗುವುದು ಮಾತ್ರ. ಹಾಡಲು ಬರುವವರು ವಾರಕ್ಕೊಂದು ಪದ್ಯವನ್ನು ಹಾಡಬಹುದು, ಎಲ್ಲವನ್ನೂ ಹಾಡಬಾರದು. ಹಾಡಿನಲ್ಲಿ ರಾಗ ಗೆಲ್ಲುತ್ತದೆ, ಪದ ಹಿಂದೆ ಸರಿಯುತ್ತದೆ.

ಮೂರನೆಯ ಅಥವಾ ನಾಲ್ಕನೆಯ ದಿನ ಯಾರೋ ಒಬ್ಬರು ನಗುತ್ತಾರೆ ಅಥವಾ ವಿಚಿತ್ರವಾದ ಸದ್ದು ಮಾಡುತ್ತಾರೆ. ಗದರಿಸದೆ ಓದು ಮುಂದುವರಿಸಿ. ಮೌನಕ್ಕೆ ಒಗ್ಗದ ತರಗತಿ ತನ್ನ ಇರಿಸುಮುರಿಸನ್ನು ಹೊರಹಾಕುವ ಬಗೆ ಅದು. ಆರನೆಯ ಏಳನೆಯ ದಿನದ ಹೊತ್ತಿಗೆ ಒಬ್ಬ ವಿದ್ಯಾರ್ಥಿ ‘ಸರ್, ಇವತ್ತು ಪದ್ಯ ಇಲ್ಲವೇ?’ ಎಂದೋ, ‘ನಿನ್ನೆಯದು ಯಾರು ಬರೆದದ್ದು?’ ಎಂದೋ ಕೇಳಿದರೆ ಹಂತ ಸರಿಯಾಗಿ ಸಾಗುತ್ತಿದೆ. ಹೆಸರು ಹೇಳಿ, ಅಷ್ಟಕ್ಕೇ ನಿಲ್ಲಿಸಿ. ಪ್ರಶ್ನೆ ಬಂತೆಂಬ ಸಂತೋಷದಲ್ಲಿ ಅರ್ಧ ಗಂಟೆಯ ಉಪನ್ಯಾಸ ಕೊಟ್ಟರೆ ಆ ವಿದ್ಯಾರ್ಥಿ ಮುಂದೆಂದೂ ಪ್ರಶ್ನೆ ಕೇಳುವುದಿಲ್ಲ, ಉಳಿದವರೂ ಪಾಠ ಕಲಿಯುತ್ತಾರೆ.

ಎಚ್ಚರಿಕೆಯ ಚಿಹ್ನೆ: ಎಂಟನೆಯ ದಿನವೂ ಬಹುಪಾಲು ಮಕ್ಕಳು ಪದ್ಯದ ವೇಳೆಯಲ್ಲಿ ಬೇರೆ ಪುಸ್ತಕ ತೆರೆದಿಟ್ಟುಕೊಂಡಿದ್ದರೆ ತಪ್ಪು ಆಯ್ಕೆಯಲ್ಲಿದೆ. ಹಂತ 2ಕ್ಕೆ ಹಿಂದಿರುಗಿ, ಇನ್ನೂ ಚಿಕ್ಕ, ಇನ್ನೂ ಮೊನಚಾದ ಪದ್ಯಗಳನ್ನು ತನ್ನಿ.

ಹಂತ 4: ಲಯವನ್ನು ಕೈಗೆ ಹಿಡಿಸಿ

ಮೂರನೆಯ ವಾರದಲ್ಲಿ ಲಯಕ್ಕೆ ಬನ್ನಿ, ಆದರೆ ಲಘು, ಗುರು, ಗಣ ಎಂಬ ಪದಗಳನ್ನು ಇನ್ನೂ ಬಳಸಬೇಡಿ. ಮೊದಲು ಚಪ್ಪಾಳೆ. ‘ತಕಿಟ ತಕಧಿಮಿ ತಕಿಟ ತಕಧಿಮಿ’ ಎಂದು ಹೇಳುತ್ತ ಪ್ರತಿ ತುಂಡಿನ ಮೊದಲಿಗೆ ಒಂದು ಪೆಟ್ಟು ಹಾಕಿಸಿ. ಇಡೀ ತರಗತಿ ಒಂದೇ ವೇಗಕ್ಕೆ ಬಂದ ಮೇಲೆ ಅದೇ ಪೆಟ್ಟಿಗೆ ಈ ಸಾಲನ್ನು ಹೇಳಿಸಿ:

ಬೇಗ ಹೊರಡಿರಿ ಬಸ್ಸು ಬಂದಿತು

ಸಾಲು ಪೆಟ್ಟಿಗೆ ಸರಿಯಾಗಿ ಕೂರುತ್ತದೆ. ಆಮೇಲೆ ‘ಕಿಟಕಿ ತೆರೆಯಿತು ಗಾಳಿ ನುಗ್ಗಿತು’ ಎಂಬುದನ್ನು ಹೇಳಿಸಿ. ಇನ್ನು ಇಂಥ ಸಾಲುಗಳನ್ನು ತಾವೇ ಕಟ್ಟುವಂತೆ ಮಕ್ಕಳನ್ನು ಬಿಡಿ. ವಿಷಯ ಏನಾದರೂ ಇರಲಿ, ದೂರು, ಬೈಗುಳವಲ್ಲದ ಬೈಗುಳ, ಕ್ರಿಕೆಟ್, ಗಣಿತದ ಮನೆಗೆಲಸ. ಹದಿನೈದು ನಿಮಿಷದಲ್ಲಿ ಹಲಗೆ ತುಂಬುತ್ತದೆ, ಮತ್ತು ತಪ್ಪಿದ ಸಾಲನ್ನು ಕಿವಿಯಿಂದಲೇ ಹಿಡಿದು ತಿದ್ದುವವರು ನೀವು ಎಣಿಸದಿದ್ದ ಮೂಲೆಯಿಂದ ಎದ್ದು ಬರುತ್ತಾರೆ. ನನ್ನ ಅನುಭವದಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಮೇಜು ಬಾರಿಸುವವರೇ ಈ ಕೆಲಸದಲ್ಲಿ ಮುಂದಿರುತ್ತಾರೆ. ಆವರೆಗೆ ಅವರ ಆ ವಿದ್ಯೆಗೆ ಸಿಕ್ಕಿದ್ದು ಗದರಿಕೆ ಮಾತ್ರ.

ಅವರು ಇಡೀ ಹೊತ್ತು ಬಾರಿಸಿದ್ದು 3 ಮತ್ತು 4 ಮಾತ್ರೆಗಳ ಗಣಗಳನ್ನು (ಒಂದು ಹ್ರಸ್ವಾಕ್ಷರ ಹೇಳುವಷ್ಟು ಹೊತ್ತು ಒಂದು ಮಾತ್ರೆ; ಲಘು ಒಂದು ಮಾತ್ರೆಯದು, ಗುರು ಎರಡರದು; ಮಾತ್ರೆಗಳ ಒಂದು ತುಂಡು ಗಣ) ಎಂಬುದನ್ನು ಅವಧಿಯ ಕೊನೆಯ ಐದು ನಿಮಿಷದಲ್ಲಿ ಹೇಳಿ. ಭಾಮಿನಿ ಷಟ್ಪದಿಯ 1, 2, 4 ಮತ್ತು 5ನೆಯ ಸಾಲುಗಳು ಹೀಗೆಯೇ 3+4+3+4, ಅಂದರೆ 14 ಮಾತ್ರೆಗಳವು. 3 ಮತ್ತು 6ನೆಯ ಸಾಲುಗಳು 3+4 ಮೂರು ಸಲ ಬಂದು ಕೊನೆಗೊಂದು ಗುರುವಿನೊಂದಿಗೆ 23 ಮಾತ್ರೆಗಳಾಗುತ್ತವೆ. ಕುಮಾರವ್ಯಾಸ ತನ್ನ ಭಾರತವನ್ನು ಪೂರ್ತಿ ಹೇಳಿದ್ದು ಇದೇ ಪೆಟ್ಟಿನಲ್ಲಿ ಎಂದು ಒಂದು ಮಾತು ಸೇರಿಸಿ, ನಿಜವಾದ ಒಂದು ಷಟ್ಪದಿಯನ್ನು ಚಪ್ಪಾಳೆಯೊಂದಿಗೆ ಓದಿ ಕೇಳಿಸಿ. ಷಟ್ಪದಿ ಎಂದರೆ ಭಯಪಟ್ಟಿದ್ದ ತರಗತಿ ಆಗಲೇ ಹತ್ತಾರು ಪಾದಗಳನ್ನು ಬರೆದಿರುತ್ತದೆ.

ಇಲ್ಲೊಂದು ತಾಂತ್ರಿಕ ಎಚ್ಚರಿಕೆ ಇದೆ. ಷಟ್ಪದಿಯಲ್ಲಿ ಪದಗಳು ಒಂದು ಸಾಲಿನ ಕೊನೆಯಿಂದ ಮುಂದಿನ ಸಾಲಿಗೆ ಹರಿಯುವುದು ಸಾಮಾನ್ಯ. ಸಾಲಿನ ಕೊನೆಯಲ್ಲಿ ಯಾಂತ್ರಿಕವಾಗಿ ನಿಂತರೆ ಪದ ತುಂಡಾಗುತ್ತದೆ, ಅರ್ಥವೂ ತುಂಡಾಗುತ್ತದೆ. ಲಯಕ್ಕಾಗಿ ಒಮ್ಮೆ, ಪದಗಳನ್ನು ಬಿಡಿಸಿಕೊಂಡು ಅರ್ಥಕ್ಕಾಗಿ ಇನ್ನೊಮ್ಮೆ ಓದುವುದನ್ನು ರೂಢಿಸಿ.

ಹಂತ 5: ಒಟ್ಟಾಗಿ ಓದಿಸಿ

ಒಬ್ಬೊಬ್ಬರಾಗಿ ಓದಿಸುವುದಕ್ಕೆ ಮೊದಲು ಗುಂಪಿನ ಮರೆ ಕೊಡಬೇಕು. ನಾಲ್ಕೈದು ಜನರ ಗುಂಪಿಗೆ ಒಂದು ಹಾಳೆ ಕೊಟ್ಟು, ಯಾವ ಸಾಲನ್ನು ಒಬ್ಬರು, ಯಾವುದನ್ನು ಇಬ್ಬರು, ಯಾವುದನ್ನು ಎಲ್ಲರೂ ಹೇಳಬೇಕೆಂದು ಅವರೇ ತೀರ್ಮಾನಿಸಲಿ. ಈ ತೀರ್ಮಾನಕ್ಕಾಗಿ ನಡೆಯುವ ಪಿಸುಮಾತಿನ ವಾದದಲ್ಲಿ ಅರ್ಥವಿವರಣೆ ತಾನಾಗಿಯೇ ನಡೆದುಹೋಗುತ್ತದೆ, ಏಕೆಂದರೆ ‘ಈ ಸಾಲು ಒಂಟಿ ದನಿಗೆ ಸೇರಿದ್ದು’ ಎನ್ನಬೇಕಾದರೆ ಆ ಸಾಲನ್ನು ಅರ್ಥ ಮಾಡಿಕೊಂಡಿರಲೇಬೇಕು.

ಮೊಬೈಲಿನಲ್ಲಿ ಧ್ವನಿ ಮಾತ್ರ ಮುದ್ರಿಸಿ, ಚಿತ್ರ ಬೇಡ. ಮುಖ ಕಾಣುವುದಿಲ್ಲವೆಂದರೆ ನಾಚುವವರೂ ಬರುತ್ತಾರೆ. ಮುದ್ರಿಸಿದ್ದನ್ನು ತರಗತಿಯಲ್ಲಿ ಕೇಳಿಸಿ ಅಲ್ಲಿಯೇ ಅಳಿಸಬೇಕು. ಮಕ್ಕಳ ಒಪ್ಪಿಗೆಯಿಲ್ಲದೆ ಎಲ್ಲಿಯೂ ಹಂಚಬಾರದು. ಸ್ಪರ್ಧೆ, ಬಹುಮಾನ, ಉತ್ತಮ ವಾಚಕರ ಪಟ್ಟಿ ಇವು ಈ ಹಂತದಲ್ಲಿ ಹಾನಿಕರ: ಗೆಲ್ಲುವ ಮೂವರಿಗೆ ಅವು ಮೊದಲೇ ಬೇಕಾಗಿರಲಿಲ್ಲ, ಉಳಿದವರಿಗೆ ಹಿಂದೆ ಸರಿಯಲು ನೆಪ ಸಿಗುತ್ತದೆ.

ಹಂತ 6: ಪದ್ಯವನ್ನು ಬಿಚ್ಚಿ ಜೋಡಿಸಿ

ನಾಲ್ಕನೆಯ ವಾರದಲ್ಲಿ ಪದ್ಯ ಕಣ್ಣಿಗೆ ಬರುತ್ತದೆ. ಇಲ್ಲಿ ಮೂರು ಕೆಲಸಗಳನ್ನು ಇದೇ ಅನುಕ್ರಮದಲ್ಲಿ ಮಾಡಿಸಿ.

ಮೊದಲನೆಯದು ಬಿಟ್ಟ ಪದ. ಹಾಳೆಯಲ್ಲಿ ಒಂದೇ ಒಂದು ಪದವನ್ನು ಅಳಿಸಿ, ಅಲ್ಲಿ ಏನಿರಬಹುದೆಂದು ಊಹಿಸಲು ಹೇಳಿ. ಈ ಮಾರ್ಗದರ್ಶಿಗಾಗಿ ಕಟ್ಟಿದ ಎರಡು ಸಾಲುಗಳನ್ನು ನೋಡಿ:

ಮಳೆಯೋ ನಿಂತಿತು, ಮರ ಹನಿಯುತ್ತಿದೆ
ಹೇಳದೆ ಉಳಿಸಿದ ______ ಹಾಗೆಯೆ

ಕೆಲವರು ‘ಕಥೆಯ’ ಎನ್ನುತ್ತಾರೆ, ಕೆಲವರು ‘ಗುಟ್ಟಿನ’ ಎನ್ನುತ್ತಾರೆ, ಕೆಲವರು ‘ಮಾತಿನ’ ಎನ್ನುತ್ತಾರೆ. ‘ಕಥೆಯ’ ಎಂದರೆ ಪೆಟ್ಟು ತಪ್ಪುತ್ತದೆಂದು ಚಪ್ಪಾಳೆ ಕಲಿತ ಕಿವಿ ಕೂಡಲೇ ಹೇಳುತ್ತದೆ. ‘ಗುಟ್ಟಿನ’ ಲಯಕ್ಕೆ ಹೊಂದುತ್ತದೆ, ಆದರೆ ಗುಟ್ಟು ಹನಿಹನಿಯಾಗಿ ಹೊರಬೀಳುವುದಕ್ಕೂ ಹೇಳದೆ ಉಳಿದ ಮಾತು ಆಮೇಲೆ ತೊಟ್ಟಿಕ್ಕುವುದಕ್ಕೂ ವ್ಯತ್ಯಾಸವಿದೆ. ಈ ವ್ಯತ್ಯಾಸದ ಬಗ್ಗೆ ತರಗತಿ ವಾದಕ್ಕಿಳಿದರೆ ನೀವು ಕಿಟಕಿಯ ಬಳಿ ಹೋಗಿ ನಿಂತುಕೊಳ್ಳಿ. ‘ಸರಿಯಾದ ಉತ್ತರ’ವನ್ನು ತಡವಾಗಿ ಹೇಳಿ, ಹೇಳುವಾಗಲೂ ‘ಕವಿ ಆರಿಸಿದ್ದು ಇದು’ ಎನ್ನಿ. ಮಕ್ಕಳ ಪದವೇ ಮೇಲೆಂದು ಕಂಡರೆ ಒಪ್ಪಿಕೊಳ್ಳಿ. ಅಳಿಸುವ ಪದವನ್ನು ಆರಿಸುವಾಗ ಎಚ್ಚರವಿರಲಿ: ವ್ಯಾಕರಣದಿಂದಲೇ ಊಹಿಸಬಹುದಾದ ಪದವನ್ನು ಅಳಿಸಿದರೆ ಅದು ಬಿಟ್ಟ ಸ್ಥಳ ತುಂಬುವ ಪರೀಕ್ಷೆಯಾಗಿಬಿಡುತ್ತದೆ.

ಎರಡನೆಯದು ಕತ್ತರಿಯ ಕೆಲಸ. ಎಂಟರಿಂದ ಹನ್ನೆರಡು ಸಾಲಿನ ಪದ್ಯವನ್ನು ಸಾಲುಸಾಲಾಗಿ ಕತ್ತರಿಸಿ, ಕಲಸಿ, ಗುಂಪುಗಳಿಗೆ ಕೊಟ್ಟು ಜೋಡಿಸಲು ಹೇಳಿ. ಅಂತ್ಯಪ್ರಾಸವಿದ್ದರೆ ಪ್ರಾಸ ಹಿಡಿದು, ಹಳೆಯ ಪದ್ಯವಾದರೆ ಪ್ರತಿ ಸಾಲಿನ ಎರಡನೆಯ ಅಕ್ಷರದ ಪ್ರಾಸ ಹಿಡಿದು, ಏನೂ ಇಲ್ಲದಿದ್ದರೆ ಭಾವದ ಏರಿಳಿತ ಹಿಡಿದು ಅವರು ಜೋಡಿಸುತ್ತಾರೆ. ಆದಿಪ್ರಾಸವೆಂಬ ವಿಷಯವನ್ನು ವ್ಯಾಖ್ಯೆಯಿಂದ ಕಲಿಸುವುದಕ್ಕಿಂತ ಹೀಗೆ ಕಲಿಸುವುದು ಎಷ್ಟೋ ಸುಲಭ.

ಮೂರನೆಯದು ಗದ್ಯವನ್ನು ಸಾಲು ಮುರಿಯುವುದು. ‘ಬಸ್ಸು ಹೊರಟ ಮೇಲೆ ಅವಳು ಕೈ ಬೀಸಿದಳು ಆದರೆ ಯಾರಿಗೆಂದು ಅವಳಿಗೇ ಗೊತ್ತಿರಲಿಲ್ಲ’ ಎಂಬಂಥ ಒಂದು ವಾಕ್ಯವನ್ನು ಕೊಟ್ಟು, ಒಂದು ಪದವನ್ನೂ ಬದಲಿಸದೆ ನಾಲ್ಕೈದು ಸಾಲುಗಳಾಗಿ ಬರೆಯಲು ಹೇಳಿ. ‘ಆದರೆ’ ಎಂಬುದನ್ನು ಒಂಟಿ ಸಾಲಿನಲ್ಲಿ ನಿಲ್ಲಿಸಿದವರನ್ನೂ ‘ಯಾರಿಗೆಂದು’ ಎಂಬುದರ ಬಳಿ ಮುರಿದವರನ್ನೂ ಗಟ್ಟಿಯಾಗಿ ಓದಿಸಿ. ಸಾಲಿನ ಕೊನೆಯ ಖಾಲಿ ಜಾಗಕ್ಕೂ ಕೆಲಸವಿದೆ ಎಂದು ಆಗ ಕಣ್ಣಿಗೇ ಕಾಣುತ್ತದೆ. ಹೊಸ ಕವಿತೆಗಳನ್ನು ‘ಗದ್ಯವನ್ನು ತುಂಡು ಮಾಡಿದ್ದು’ ಎಂದು ಹಗುರವಾಗಿ ಕಾಣುವ ಜಾಣ ವಿದ್ಯಾರ್ಥಿಗಳಿಗೆ ಇದೇ ತಕ್ಕ ಉತ್ತರ.

ವಚನಗಳಿಗೆ ಇನ್ನೊಂದು ಉಪಾಯವಿದೆ. ಕೊನೆಯ ಅಂಕಿತವನ್ನು, ಅಂದರೆ ವಚನಕಾರರು ಕರೆಯುವ ಇಷ್ಟದೇವರ ಹೆಸರನ್ನು, ಮುಚ್ಚಿ ಓದಿ, ಈ ಮಾತನ್ನು ಯಾರು ಯಾರಿಗೆ ಹೇಳುತ್ತಿರಬಹುದೆಂದು ಕೇಳಿ. ಆಮೇಲೆ ಅಂಕಿತದೊಂದಿಗೆ ಓದಿ. ಗೆಳೆಯರಿಬ್ಬರ ಜಗಳದಂತೆ ಕೇಳಿಸಿದ ಮಾತು ದೇವರೊಂದಿಗಿನ ಜಗಳವೆಂದು ತಿಳಿದಾಗ ತರಗತಿಯ ಮುಖಭಾವ ಬದಲಾಗುವುದನ್ನು ಗಮನಿಸಿ.

ಹಂತ 7: ಪ್ರಶ್ನೆ ಕೇಳುವ ರೀತಿ ಬದಲಿಸಿ

‘ಕವಿ ಏನು ಹೇಳಲು ಹೊರಟಿದ್ದಾನೆ?’ ಎಂಬ ಪ್ರಶ್ನೆಯನ್ನು ಆರು ವಾರ ನಿಷೇಧಿಸಿ. ಆ ಪ್ರಶ್ನೆಗೆ ಉತ್ತರ ಶಿಕ್ಷಕರ ಬಳಿಯೋ ಗೈಡಿನಲ್ಲಿಯೋ ಇದೆಯೆಂದು ಮಕ್ಕಳಿಗೆ ಗೊತ್ತು. ಅದರ ಬದಲಿಗೆ ಪದ್ಯದೊಳಗೆ ಬೆರಳಿಟ್ಟು ಉತ್ತರಿಸಬಹುದಾದ ಪ್ರಶ್ನೆಗಳನ್ನು ಕೇಳಿ: ಯಾವ ಸಾಲಿನಲ್ಲಿ ದನಿ ಬದಲಾಯಿತು? ಯಾವ ಪದ ಈ ಪದ್ಯಕ್ಕೆ ಹೊಂದದೆ ಎದ್ದು ಕಾಣುತ್ತದೆ? ಒಂದು ಸಾಲನ್ನು ತೆಗೆದುಹಾಕಲೇಬೇಕಾದರೆ ಯಾವುದನ್ನು ತೆಗೆಯುತ್ತೀರಿ? ಮಾತನಾಡುತ್ತಿರುವವರ ಬಗ್ಗೆ ನಿಮಗೆ ನಂಬಿಕೆ ಇದೆಯೇ?

ಪ್ರಶ್ನೆ ಕೇಳಿದ ಮೇಲೆ ಕಾಯಬೇಕು. ಹತ್ತು ಸೆಕೆಂಡು ಮೌನ ಶಿಕ್ಷಕರಿಗೆ ಹತ್ತು ನಿಮಿಷದಂತೆ ತೋರುತ್ತದೆ, ಆದರೆ ನಿಧಾನವಾಗಿ ಯೋಚಿಸುವವರಿಗೆ ಬೇಕಾದದ್ದು ಅದೇ ಹೊತ್ತು. ಯಾವಾಗಲೂ ಮೊದಲು ಕೈ ಎತ್ತುವ ಇಬ್ಬರು ಮೂವರನ್ನು ಪ್ರೀತಿಯಿಂದಲೇ ತಡೆಯಿರಿ. ಉತ್ತರವನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆಸಿ ಆಮೇಲೆ ಮಾತಿಗೆ ಕರೆದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

‘ನನಗೆ ಈ ಪದ್ಯ ಹಿಡಿಸಲಿಲ್ಲ’ ಎಂಬುದನ್ನು ಪೂರ್ಣ ಉತ್ತರವಾಗಿ ಸ್ವೀಕರಿಸಿ, ಯಾವ ಸಾಲಿನಿಂದ ಹಿಡಿಸಲಿಲ್ಲವೆಂದು ಮಾತ್ರ ಕೇಳಿ. ಹಾಗೆಂದು ಪದ್ಯಕ್ಕೆ ಏನು ಬೇಕಾದರೂ ಅರ್ಥ ಹೇಳಬಹುದೆಂಬ ಇನ್ನೊಂದು ತುದಿಗೂ ಹೋಗಬೇಡಿ. ಸಾಲು ತೋರಿಸಿ ಹೇಳಿದ ಅರ್ಥ ನಿಲ್ಲುತ್ತದೆ, ತೋರಿಸಲಾಗದ್ದು ನಿಲ್ಲುವುದಿಲ್ಲ. ಈ ಒಂದು ನಿಯಮ ಸಾಕು.

ಹಂತ 8: ಬರೆಸಿ, ಆದರೆ ಬೇಲಿ ಹಾಕಿ ಬರೆಸಿ

‘ನಿಮಗಿಷ್ಟವಾದ ವಿಷಯದ ಮೇಲೆ ಒಂದು ಕವಿತೆ ಬರೆಯಿರಿ’ ಎಂದರೆ ತರಗತಿಯ ಅರ್ಧ ಭಾಗ ಖಾಲಿ ಹಾಳೆ ಕೊಡುತ್ತದೆ, ಉಳಿದರ್ಧ ತಾಯಿ, ಗೆಳೆತನ, ಪರಿಸರ ಎಂಬ ಮೂರು ವಿಷಯಗಳ ಮೇಲೆ ‘ನೀನು, ಬಾನು, ಜೇನು’ ಎಂಬ ಪ್ರಾಸದಲ್ಲಿ ಬರೆದು ಕೊಡುತ್ತದೆ. ಸ್ವಾತಂತ್ರ್ಯ ಹೆಚ್ಚಾದಷ್ಟೂ ಸವಕಲು ಮಾತು ಹೆಚ್ಚು. ಆದ್ದರಿಂದ ಬಿಗಿಯಾದ ಷರತ್ತುಗಳನ್ನು ಕೊಡಿ. ಮೂರೇ ಸಾಲು. ಪ್ರೀತಿ, ನೋವು, ಕನಸು, ಹೃದಯ ಎಂಬ ನಾಲ್ಕು ಪದಗಳಿಗೆ ಪ್ರವೇಶವಿಲ್ಲ. ವಿಷಯ: ನಿಮ್ಮ ಚೀಲದೊಳಗಿನ ಒಂದು ವಸ್ತು, ಆದರೆ ಅದರ ಹೆಸರು ಹೇಳುವಂತಿಲ್ಲ. ಇನ್ನೊಂದು ದಿನ ‘ಯಾರೂ ಗಮನಿಸದ ಸದ್ದುಗಳು’ ಎಂಬ ಪಟ್ಟಿಯನ್ನು ಏಳು ಸಾಲುಗಳಲ್ಲಿ ಬರೆಸಿ, ಕೊನೆಯ ಸಾಲು ಮಾತ್ರ ಪಟ್ಟಿಯಿಂದ ಹೊರಗೆ ಜಿಗಿಯಬೇಕೆಂದು ಹೇಳಿ. ನೀವೂ ಅವರೊಂದಿಗೆ ಕುಳಿತು ಬರೆಯಿರಿ, ಸೋತ ಸಾಲನ್ನು ಅವರೆದುರಿಗೇ ಹೊಡೆದುಹಾಕಿ.

ತಿದ್ದುವಾಗ ಕಾಗುಣಿತಕ್ಕೆ ಮೊದಲು ಕೈ ಹಾಕಬೇಡಿ. ಪ್ರತಿ ಹಾಳೆಯಲ್ಲೂ ಅತ್ಯಂತ ಜೀವಂತವಾದ ಒಂದು ಪದದ ಕೆಳಗೆ ಪೆನ್ಸಿಲ್ ಗೆರೆ ಎಳೆದು ಹಿಂದಿರುಗಿಸಿದರೆ ಸಾಕು. ‘ಚೆನ್ನಾಗಿದೆ’ ಎಂಬ ಮಾತಿಗಿಂತ ಆ ಗೆರೆ ಹೆಚ್ಚು ಕಲಿಸುತ್ತದೆ.

ಈ ಹಂತದಲ್ಲಿ ಒಂದು ಗಂಭೀರವಾದ ಎಚ್ಚರಿಕೆ ಅಗತ್ಯ. ಬರೆಯಲು ಬಿಟ್ಟಾಗ ಕೆಲವು ಮಕ್ಕಳು ಬೇರೆಲ್ಲೂ ಹೇಳದ್ದನ್ನು ಬರೆಯುತ್ತಾರೆ. ತನಗೆ ತಾನೇ ಹಾನಿ ಮಾಡಿಕೊಳ್ಳುವ ಮಾತು, ಮನೆಯಲ್ಲಿನ ಹಿಂಸೆ, ಬದುಕು ಬೇಡವೆಂಬ ಧ್ವನಿ ಕಂಡರೆ ಅದನ್ನು ಕಾವ್ಯವೆಂದು ಮೆಚ್ಚಿ ಬಿಡಬಾರದು, ತರಗತಿಯಲ್ಲಿ ಓದಿಸಲೂಬಾರದು. ಅದೇ ದಿನ ಆ ವಿದ್ಯಾರ್ಥಿಯೊಂದಿಗೆ ಒಂಟಿಯಾಗಿ ಮಾತನಾಡಿ, ಶಾಲೆಯ ಆಪ್ತಸಮಾಲೋಚಕರಿಗೆ ಅಥವಾ ಮುಖ್ಯಸ್ಥರಿಗೆ ತಿಳಿಸಿ. ‘ನೀವು ಬರೆದದ್ದನ್ನು ತರಗತಿಗೆ ತೋರಿಸುವುದಿಲ್ಲ, ಆದರೆ ನಿಮ್ಮ ಸುರಕ್ಷತೆಯ ವಿಷಯವಾದರೆ ನಾನು ಸುಮ್ಮನಿರಲಾರೆ’ ಎಂದು ಬರೆಸುವ ಮೊದಲೇ ಎಲ್ಲರಿಗೂ ಹೇಳಿರಬೇಕು.

ಹಂತ 9: ಈಗ ಪಠ್ಯಪುಸ್ತಕವನ್ನು ತೆರೆಯಿರಿ

ಐದನೆಯ ವಾರದ ನಡುವಿನಿಂದ ಪಠ್ಯದ ಪದ್ಯಗಳನ್ನು ಇದೇ ಕ್ರಮದಲ್ಲಿ ತೆಗೆದುಕೊಳ್ಳಿ: ಎರಡು ಓದು, ಲಯ, ಗುಂಪು ವಾಚನ, ಬಿಟ್ಟ ಪದ, ಪ್ರಶ್ನೆ. ಸಾರಾಂಶವನ್ನು ಹಲಗೆಯ ಮೇಲೆ ಬರೆಯದೆ ಮಕ್ಕಳಿಂದಲೇ ಬರೆಸಿ. ಮೊದಲು ಹತ್ತು ವಾಕ್ಯಗಳಲ್ಲಿ, ಆಮೇಲೆ ಅದನ್ನೇ ನಾಲ್ಕಕ್ಕೆ ಇಳಿಸಿ. ಇಳಿಸುವಾಗ ಬಿಟ್ಟುಹೋದದ್ದೇನು ಎಂದು ಕೇಳಿದರೆ ಸ್ವಾರಸ್ಯ ಬರೆಯಲು ಬೇಕಾದ ಸಾಮಗ್ರಿ ಅಲ್ಲಿಯೇ ಸಿಗುತ್ತದೆ.

ಹಳಗನ್ನಡದ ಪದ್ಯಗಳಿಗೆ ಒಂದು ಹೆಚ್ಚುವರಿ ಮೆಟ್ಟಿಲು ಬೇಕು. ಕೇಳಿಸಿದ ಮೇಲೆ, ಅರ್ಥ ಹೇಳುವ ಮೊದಲು, ಪದಗಳನ್ನು ಬಿಡಿಸಿ ಬರೆದ ಹಾಳೆ ಕೊಡಿ. ಆಮೇಲೆ ಕ್ರಿಯಾಪದವನ್ನು ಹುಡುಕಿಸಿ, ಮಾಡಿದವರು ಯಾರೆಂದು ಹುಡುಕಿಸಿ. ಬಹುಪಾಲು ಭಯ ಸಂಧಿಯದೇ ಹೊರತು ಪದಗಳದಲ್ಲ. ‘ಪಾಲ್’ ಹಾಲಾಗಿದೆ, ‘ಪೂ’ ಹೂವಾಗಿದೆ ಎಂಬ ಪಕಾರ ಹಕಾರಗಳ ಒಂದು ಸೂತ್ರ ಕೊಟ್ಟರೆ ಹತ್ತಾರು ಪದಗಳನ್ನು ಅವರೇ ಬಿಡಿಸಿಕೊಳ್ಳುತ್ತಾರೆ.

ಪ್ರಸ್ತಾರವನ್ನೂ ಈಗ ಹಾಕಿಸಿ. ಮೇಲಿನ ಮಳೆಯ ಸಾಲನ್ನೇ ತೆಗೆದುಕೊಳ್ಳಿ: ಮಳೆಯೋ, ನಿಂತಿತು, ಮರಹನಿ, ಯುತ್ತಿದೆ, ನಾಲ್ಕು ಮಾತ್ರೆಗಳ ನಾಲ್ಕು ಗಣ, ಒಟ್ಟು 16. ಈಗ ‘ಹನಿಯುತ್ತಿದೆ’ ಎಂಬುದನ್ನು ‘ಹನಿಯುತಿದೆ’ ಎಂದು ಬದಲಿಸಿ ಚಪ್ಪಾಳೆಯೊಂದಿಗೆ ಹೇಳಿಸಿ. ಕೊನೆಯಲ್ಲಿ ಒಂದು ಮಾತ್ರೆ ಕುಂಟುತ್ತದೆ. ಏಕೆಂದು ಅವರೇ ಕೇಳುತ್ತಾರೆ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ ಎಂಬ ನಿಯಮವನ್ನು ಹೇಳಬೇಕಾದ ಗಳಿಗೆ ಅದೇ. ದೀರ್ಘಾಕ್ಷರ, ಅನುಸ್ವಾರ ಮತ್ತು ವಿಸರ್ಗವಿರುವ ಅಕ್ಷರ, ಅರ್ಧಾಕ್ಷರ ಸೇರಿದ ಅಕ್ಷರ ಎಂಬ ಉಳಿದ ನಿಯಮಗಳನ್ನೂ ಹೀಗೆ ಕೆಡಿಸಿ ತೋರಿಸಬಹುದು.

ಕಂಠಪಾಠವನ್ನು ಬಿಡಬೇಕಾಗಿಲ್ಲ. ಯಾವ ಪದ್ಯವೆಂಬ ಆಯ್ಕೆಯನ್ನು ಸಾಧ್ಯವಾದಲ್ಲೆಲ್ಲ ಅವರಿಗೆ ಬಿಡಿ, ಮತ್ತು ಒಪ್ಪಿಸುವುದನ್ನು ಎಲ್ಲರೆದುರು ನಡೆಸದೆ ಜೋಡಿಯಲ್ಲಿ ನಡೆಸಿ.

ಯಾವಾಗ ಹಿಂದೆ ಸರಿಯಬೇಕು

ಮಕ್ಕಳು ನಿಮ್ಮ ಮುಖ ನೋಡಿ ಉತ್ತರ ಹೇಳುತ್ತಿದ್ದರೆ ಹಂತ 7 ಕೆಟ್ಟಿದೆ. ಒಂದು ವಾರ ಪ್ರಶ್ನೆಗಳನ್ನೇ ನಿಲ್ಲಿಸಿ ಮತ್ತೆ ಬರೀ ಓದಿ. ಬರೆದದ್ದೆಲ್ಲ ಒಂದೇ ಧಾಟಿಯಲ್ಲಿದ್ದರೆ ನಿಮ್ಮ ಮಾದರಿಗಳು ಒಂದೇ ಧಾಟಿಯವು. ತರಗತಿ ಗಲಾಟೆಯಿಂದ ಕೂಡಿದ್ದರೂ ಗಲಾಟೆ ಪದ್ಯದ ಬಗ್ಗೆಯೇ ಇದ್ದರೆ ಏನನ್ನೂ ಬದಲಿಸಬೇಡಿ. ಎಲ್ಲರೂ ಶಿಸ್ತಾಗಿ ಕುಳಿತು ತಲೆಯಾಡಿಸುತ್ತಿದ್ದರೆ ಮಾತ್ರ ಚಿಂತಿಸಿ. ಇನ್ನು, ಆರು ವಾರದ ಬಳಿಕವೂ ನಾಲ್ಕೈದು ಜನರಿಗೆ ಪದ್ಯ ಹಿಡಿಸದೇ ಇರುತ್ತದೆ. ಅವರನ್ನು ಬೆನ್ನಟ್ಟಬೇಡಿ, ಕೇಳಿಸಿಕೊಂಡದ್ದು ಎಲ್ಲಿಯೋ ಉಳಿದಿರುತ್ತದೆ.

ಹಂತ 10: ಕಟ್ಟನ್ನು ಅವರ ಕೈಗೆ ಕೊಡಿ

ಆರನೆಯ ವಾರದ ಕೊನೆಗೆ ದಿನದ ಪದ್ಯವನ್ನು ಆರಿಸುವ ಮತ್ತು ಓದುವ ಕೆಲಸವನ್ನು ಸರದಿಯಂತೆ ವಿದ್ಯಾರ್ಥಿಗಳಿಗೆ ವಹಿಸಿ. ಕಟ್ಟಿನಿಂದ ಆರಿಸಬಹುದು, ಗ್ರಂಥಾಲಯದಿಂದ ತರಬಹುದು, ಮನೆಯ ಹಿರಿಯರಿಂದ ಕೇಳಿದ ಹಾಡನ್ನು ಬರೆದುಕೊಂಡು ಬರಬಹುದು, ಸಿನಿಮಾ ಹಾಡಿನ ಸಾಹಿತ್ಯವನ್ನೂ ತರಬಹುದು. ಷರತ್ತು ಎರಡೇ: ಎರಡು ಸಲ ಓದಬೇಕು, ವಿವರಿಸಬಾರದು. ತಂದದ್ದು ನಿಮಗೆ ಹಿಡಿಸದಿದ್ದರೆ ಅದನ್ನು ಮುಖದಲ್ಲಿ ತೋರಿಸದಿರುವುದು ಈ ಹಂತದಲ್ಲಿ ಶಿಕ್ಷಕರ ಮುಖ್ಯ ಕೆಲಸ. ಅವರು ಓದುವಾಗ ನೀವು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಮೇಜು ಬಾರಿಸುವವರು ಸ್ವಲ್ಪ ಜಾಗ ಮಾಡಿಕೊಡುತ್ತಾರೆ.